ನೋಯುವ ಕೀಲಿಗೂ ಬೇಕು ಅಳತೆಯ ಸಾಮು



ಅಂಗಸಾಧನೆಯೆಂಬುದು ಕಿತ್ತೂರು ನಾಡಿಗೆ ಹೊಸ ವಿಷಯವಲ್ಲ. ಬೈಲಹೊಂಗಲ, ಸವದತ್ತಿ, ರಾಮದುರ್ಗ ಸೀಮೆಯ ಅನೇಕ ಹಳ್ಳಿಗಳಲ್ಲಿ ಹನುಮಂತದೇವರ ಗುಡಿಯ ಆಸುಪಾಸಿನಲ್ಲಿ ಗರಡಿಮನೆಯೊಂದು ಇರುವುದು ವಾಡಿಕೆಯಾಗಿತ್ತು. ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿಯಲ್ಲಿ ವೀರ ರಾಯಣ್ಣನ ಹೆಸರಿನೊಡನೆ ಜೋಡಿಸಿ ಹೇಳುವ ಗರಡಿಮನೆಯನ್ನು ಜನರು ಅಭಿಮಾನದಿಂದ ನೋಡಿ ಬರುತ್ತಾರೆ. ಊರ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ, ಉಸುಕಿನ ಚೀಲ ಹೊರುವ ಪಂದ್ಯಗಳು ಇಂದಿಗೂ ನಡೆಯುತ್ತವೆ. ಅಕ್ಟೋಬರ್ ತಿಂಗಳ ಕಿತ್ತೂರು ಉತ್ಸವದಲ್ಲಿ ಕುಸ್ತಿಯ ಅಖಾಡದ ಸುತ್ತ ನೆರೆಯುವ ಜನಸ್ತೋಮವನ್ನು ಕಂಡವರಿಗೆ ಈ ನಾಡು ದೇಹಬಲವನ್ನು ಎಷ್ಟು ಗೌರವಿಸುತ್ತದೆಂಬುದು ತಿಳಿಯದಿರದು.

ಆದರೆ ಇದೇ ಸಂಪ್ರದಾಯವು ನಮ್ಮ ಮನಸ್ಸಿನಲ್ಲಿ ಒಂದು ತಪ್ಪು ಕಲ್ಪನೆಯನ್ನೂ ಬಿತ್ತಿದೆ. ಶಕ್ತಿಸಾಧನೆಯೆಂದರೆ ಹರೆಯದ ಪೈಲ್ವಾನರ ಸ್ವತ್ತು, ಗೃಹಿಣಿಯರಿಗೂ ವಯಸ್ಸಾದವರಿಗೂ ಅದಕ್ಕೂ ಸಂಬಂಧವಿಲ್ಲ ಎಂಬುದೇ ಆ ಕಲ್ಪನೆ. ಐವತ್ತೈದು ದಾಟಿದ ತಾಯಿಯೊಬ್ಬಳು ಮೊಣಕಾಲ ಮೇಲೆ ಕೈಯೂರಿ, 'ಅಯ್ಯೋ ಶಿವನೇ' ಎಂದು ಏಳುವಾಗ ಮನೆಮಂದಿ ಹೇಳುವ ಮಾತು ಒಂದೇ: 'ಅವ್ವಾ, ನೀ ಸುಮ್ಮನ ಕುಂದರು.' ಪ್ರೀತಿಯಿಂದ ಹೇಳಿದ ಈ ಮಾತೇ ಆ ತಾಯಿಯನ್ನು ಮೆಲ್ಲಮೆಲ್ಲನೆ ಅಂಗಳದಿಂದ ಪಡಸಾಲೆಗೆ, ಪಡಸಾಲೆಯಿಂದ ಹಾಸಿಗೆಗೆ ತಂದು ನಿಲ್ಲಿಸುತ್ತದೆ. ಬಳಸದ ಸ್ನಾಯು ಕರಗುತ್ತದೆ. ಸ್ನಾಯು ಕರಗಿದಷ್ಟು ಕೀಲಿನ ಮೇಲೆ ಹೊರೆ ಹೆಚ್ಚುತ್ತದೆ. ಹೊರೆ ಹೆಚ್ಚಿದಷ್ಟು ನೋವು ಹೆಚ್ಚಿ, ಆಕೆ ಮತ್ತಷ್ಟು ಕುಳಿತೇ ಇರುತ್ತಾಳೆ. ಕೊನೆಗೆ ಬಚ್ಚಲಿಗೆ ಹೋಗಲೂ ಇನ್ನೊಬ್ಬರ ಕೈ ಬೇಕಾಗುವ ದಿನ ಬರುತ್ತದೆ. ಕಾಯಕನಿಷ್ಠೆಯ ಮನೆತನಗಳಲ್ಲಿ ಬಾಳಿ ಬದುಕಿದವರಿಗೆ ಇದಕ್ಕಿಂತ ದೊಡ್ಡ ಸಂಕಟ ಬೇರೊಂದಿಲ್ಲ.

ಗರಡಿಗೆ ಹೊಸದಾಗಿ ಬಂದ ಹುಡುಗನ ಕೈಗೆ ವಸ್ತಾದರು ಮೊದಲ ದಿನವೇ ದೊಡ್ಡ ಕಲ್ಲನ್ನು ಕೊಡುವುದಿಲ್ಲ. ಇಷ್ಟು ಬೈಠಕ, ಇಷ್ಟು ದಂಡ ಎಂದು ಎಣಿಕೆ ಹಾಕಿಕೊಡುತ್ತಾರೆ. ಮೈ ಹದಗೊಂಡಂತೆ ಎಣಿಕೆ ಏರುತ್ತದೆ. ಮೈ ಸೋತ ದಿನ ಇಳಿಯುತ್ತದೆ. ನೋವಿರುವ ಕೀಲಿಗೆ ಬೇಕಾದುದು ಈ ಅಳತೆಯ ವಿವೇಕ. ಕೀಲು ನೋಯುತ್ತದೆಂದು ಸಾಮು ಬಿಡಬೇಕಿಲ್ಲ. ಕೀಲು ತಾಳುವಷ್ಟಕ್ಕೆ ಸಾಮನ್ನು ಇಳಿಸಿಕೊಂಡು, ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಈ ತಿಂಗಳ ಅಂಕಣದಲ್ಲಿ ಅದರ ಕ್ರಮವನ್ನು ವಿವರವಾಗಿ ನೋಡೋಣ.

ಕೀಲು ಏಕೆ ನೋಯುತ್ತದೆ?

ಎರಡು ಎಲುಬುಗಳು ಕೂಡುವಲ್ಲಿ ನುಣುಪಾದ ಮೃದ್ವಸ್ಥಿಯ ಹೊದಿಕೆಯಿರುತ್ತದೆ. ವಯಸ್ಸು, ತೂಕ, ಹಳೆಯ ಪೆಟ್ಟು, ವರ್ಷಾನುಗಟ್ಟಲೆ ಕುಕ್ಕರಗಾಲಿನಲ್ಲಿ ಮಾಡಿದ ಕೆಲಸ ಇವೆಲ್ಲ ಸೇರಿ ಆ ಹೊದಿಕೆ ತೆಳುವಾಗುತ್ತದೆ. ಸುತ್ತಲಿನ ಪೊರೆ ಕೆರಳುತ್ತದೆ. ಇದನ್ನೇ ಸಂಧಿ ಸವೆತವೆನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಜಗತ್ತಿನಾದ್ಯಂತ ಸುಮಾರು 52.8 ಕೋಟಿ ಜನರಿಗೆ ಈ ತೊಂದರೆಯಿತ್ತು. ಅವರಲ್ಲಿ ನೂರಕ್ಕೆ ಅರವತ್ತರಷ್ಟು ಮಂದಿ ಮಹಿಳೆಯರು. ಎಲ್ಲಕ್ಕಿಂತ ಹೆಚ್ಚು ಬಾಧೆಗೊಳಗಾಗುವ ಕೀಲು ಮೊಣಕಾಲೇ. ಇದಲ್ಲದೆ 2006ರಲ್ಲಿ ಕರ್ನಾಟಕದ ಲಕ್ಷಾಂತರ ಜನರನ್ನು ಕಾಡಿದ ಚಿಕೂನ್‌ಗುನ್ಯಾ ಜ್ವರವು, ಜ್ವರ ಇಳಿದ ಮೇಲೂ ತಿಂಗಳುಗಟ್ಟಲೆ ಕೀಲುನೋವನ್ನು ಉಳಿಸಿ ಹೋದುದನ್ನು ಹಿರಿಯರು ಮರೆತಿರಲಾರರು.

ಕೀಲಿನ ಆಧಾರ ಎಲುಬೊಂದೇ ಅಲ್ಲ. ಸುತ್ತಲಿನ ಸ್ನಾಯುಗಳೂ ಅದರ ಆಧಾರ. ಮೊಣಕಾಲಿಗೆ ತೊಡೆಯ ಮುಂಭಾಗದ ಸ್ನಾಯುವೇ ಮುಖ್ಯ ಕಾವಲುಗಾರ. ಚಕ್ಕಡಿಯ ಕೀಲು ಸಡಿಲಾದಾಗ ಗಾಲಿ ಓಲಾಡಿ ಅಚ್ಚು ಸವೆಯುವಂತೆ, ತೊಡೆಯ ಬಲ ಕುಂದಿದಾಗ ಪ್ರತಿ ಹೆಜ್ಜೆಯ ಪೆಟ್ಟೂ ನೇರವಾಗಿ ಕೀಲಿಗೆ ತಗಲುತ್ತದೆ. ಸವೆದ ಮೃದ್ವಸ್ಥಿಯನ್ನು ವ್ಯಾಯಾಮದಿಂದ ಮರಳಿ ಬೆಳೆಸಲಾಗದು. ಆದರೆ ಸ್ನಾಯುವನ್ನು ಯಾವ ವಯಸ್ಸಿನಲ್ಲಾದರೂ ಬೆಳೆಸಬಹುದು.

ಇದಕ್ಕೆ ಸಾಕ್ಷಿಗಳುಂಟು. 1990ರಲ್ಲಿ ಅಮೆರಿಕದ ವೈದ್ಯರು ತೊಂಬತ್ತರ ಆಸುಪಾಸಿನ ಹತ್ತು ಮಂದಿ ದುರ್ಬಲ ವೃದ್ಧರಿಗೆ ಎಂಟು ವಾರ ಕಾಲಿನ ಶಕ್ತಿಸಾಧನೆ ಮಾಡಿಸಿದರು. ಪೂರ್ಣಗೊಳಿಸಿದವರ ಕಾಲಿನ ಬಲ ಸರಾಸರಿ ಎರಡೂವರೆ ಪಟ್ಟಿಗೂ ಮೀರಿ ಏರಿತು. 1997ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಮೊಣಕಾಲ ಸವೆತವಿದ್ದ, ಅರವತ್ತು ದಾಟಿದ 439 ಜನರನ್ನು ಹದಿನೆಂಟು ತಿಂಗಳು ಗಮನಿಸಲಾಯಿತು. ಬರಿಯ ತಿಳಿವಳಿಕೆ ಪಡೆದವರಿಗಿಂತ, ನಡಿಗೆ ಅಥವಾ ಭಾರದ ವ್ಯಾಯಾಮ ಮಾಡಿದವರಿಗೆ ನೋವೂ ಕಡಿಮೆಯಾಯಿತು, ಓಡಾಟವೂ ಸುಲಭವಾಯಿತು. ಲಾಭವು ಪವಾಡದಂಥದಲ್ಲ, ಸಾಧಾರಣ ಪ್ರಮಾಣದ್ದು. ಆದರೆ ಮೆಟ್ಟಿಲು ಹತ್ತಲಾಗದವರು ಹತ್ತುವಂತಾದರೆ ಅದನ್ನು ಸಣ್ಣದೆನ್ನುವಂತಿಲ್ಲ.

ದುಡಿಮೆಯೇ ವ್ಯಾಯಾಮವಲ್ಲವೇ?

'ಹೊತ್ತು ಮೂಡುವುದರಿಂದ ಮುಳುಗುವತನಕ ದುಡಿಯುತ್ತೇವೆ, ಮತ್ತೇಕೆ ಕಸರತ್ತು?' ಎಂದು ನಮ್ಮ ತಾಯಂದಿರು ಕೇಳುವುದುಂಟು. ಪ್ರಶ್ನೆ ನ್ಯಾಯವಾದುದೇ. ಆದರೆ ದುಡಿಮೆಗೂ ಸಾಧನೆಗೂ ಒಂದು ಅಂತರವಿದೆ. ಬೈಲಹೊಂಗಲದ ಎರೆಹೊಲದಲ್ಲಿ ಹತ್ತಿ ಬಿಡಿಸುವವರು ಬಗ್ಗಿದ ನಡುವಿನಲ್ಲೇ ದಿನ ಕಳೆಯುತ್ತಾರೆ. ಕಳೆ ತೆಗೆಯುವವರ ಮೊಣಕಾಲು ತಾಸುಗಟ್ಟಲೆ ಪೂರ್ತಿ ಮಡಚಿಯೇ ಇರುತ್ತದೆ. ರಾಮದುರ್ಗ, ಸುರೇಬಾನದ ನೇಕಾರ ಬಂಧುಗಳು ಮಗ್ಗದ ಮುಂದೆ ಒಂದೇ ಭಂಗಿಯಲ್ಲಿ ದುಡಿದು ಕುತ್ತಿಗೆ, ಭುಜ, ಸೊಂಟಗಳನ್ನು ದಣಿಸಿಕೊಳ್ಳುತ್ತಾರೆ. ದುಡಿಮೆಯು ಕೆಲವೇ ಸ್ನಾಯುಗಳನ್ನು ಅತಿಯಾಗಿ ಬಳಸುತ್ತದೆ, ಉಳಿದವನ್ನು ಮರೆತೇಬಿಡುತ್ತದೆ. ಅದರ ಭಾರವನ್ನು ನಿಶ್ಚಯಿಸುವುದು ಹಂಗಾಮು. ಮೈಯ ಶಕ್ತಿಯನ್ನು ಅದು ಕೇಳುವುದಿಲ್ಲ. ಸಾಧನೆಯಲ್ಲಾದರೋ ಭಾರವೂ ಎಣಿಕೆಯೂ ನಮ್ಮ ಕೈಯಲ್ಲಿರುತ್ತವೆ. ವಾರಕ್ಕೆ ಮೂರು ದಿನ, ದಿನಕ್ಕೆ ಅರ್ಧ ತಾಸಿಗೂ ಕಡಿಮೆ ವೇಳೆ ಇದಕ್ಕೆ ಸಾಕು.

ಮೊದಲು ವೈದ್ಯರ ಸಲಹೆ

ಎಲ್ಲ ಕೀಲುನೋವೂ ಒಂದೇ ಅಲ್ಲ. ಕೀಲು ಕೆಂಪಾಗಿ, ಬಿಸಿಯಾಗಿ, ಊದಿಕೊಂಡಿದ್ದರೆ, ಜೊತೆಗೆ ಜ್ವರವಿದ್ದರೆ, ಮುಂಜಾನೆಯ ಬಿಗಿತ ಒಂದು ತಾಸಿಗೂ ಹೆಚ್ಚು ಹೊತ್ತು ಉಳಿದರೆ, ಬಿದ್ದ ಮೇಲೆ ಕಾಲೂರಲು ಬಾರದಿದ್ದರೆ, ಮೊಣಕಾಲು ಮಡಚಿದಲ್ಲೇ ಸಿಕ್ಕಿಕೊಳ್ಳುತ್ತಿದ್ದರೆ, ಕಾಲು ಜೋಮು ಹಿಡಿದು ಶಕ್ತಿ ಕುಂದುತ್ತಿದ್ದರೆ, ಸಾಮು ಆರಂಭಿಸದೆ ಮೊದಲು ವೈದ್ಯರನ್ನು ಕಾಣಬೇಕು. ಹೃದಯದ ತೊಂದರೆ, ಹತೋಟಿಗೆ ಬಾರದ ರಕ್ತದೊತ್ತಡ, ಇತ್ತೀಚಿನ ಶಸ್ತ್ರಚಿಕಿತ್ಸೆ ಇದ್ದವರೂ ಕೇಳಿಯೇ ತೊಡಗಬೇಕು. ಅನುಕೂಲವಿದ್ದವರು ಒಮ್ಮೆ ಫಿಜಿಯೋಥೆರಪಿ ತಜ್ಞರ ಎದುರಿನಲ್ಲಿ ಮಾಡಿ ತೋರಿಸಿ ತಿದ್ದಿಸಿಕೊಂಡರೆ ಒಳ್ಳೆಯದು.

ಇನ್ನೊಂದು ಎಚ್ಚರಿಕೆಯ ಮಾತು. ನೋವೆಂದ ಕೂಡಲೇ 'ಒಂದು ಸೂಜಿ ಮಾಡಿಸಿಕೊಂಡು ಬರೋಣ' ಎನ್ನುವ, ಅಂಗಡಿಯಿಂದ ಹೆಸರು ತಿಳಿಯದ ಗುಳಿಗೆ ತಂದು ತಿಂಗಳುಗಟ್ಟಲೆ ನುಂಗುವ ಅಭ್ಯಾಸ ಅಪಾಯಕಾರಿ. ನೋವಿನ ಗುಳಿಗೆಗಳು ಅತಿಯಾದರೆ ಹೊಟ್ಟೆಯಲ್ಲಿ ಹುಣ್ಣನ್ನೂ ಮೂತ್ರಪಿಂಡಕ್ಕೆ ಕೇಡನ್ನೂ ತರುತ್ತವೆ. ಸ್ಟೆರಾಯ್ಡ್ ಬೆರೆತ ಗುಳಿಗೆಗಳು ಎಲುಬನ್ನೇ ಟೊಳ್ಳು ಮಾಡುತ್ತವೆ.

ನೋವಿಗೂ ಒಂದು ತಕ್ಕಡಿ

ವ್ಯಾಯಾಮದಲ್ಲಿ ಚೂರೂ ನೋಯಬಾರದೆಂದು ಕಾಯುತ್ತ ಕುಳಿತರೆ ಆರಂಭವೇ ಆಗದು. ಸಹಿಸಿಯೇ ತೀರುತ್ತೇನೆಂದು ಹಟ ಹಿಡಿದರೆ ಕೀಲು ಕೆರಳುತ್ತದೆ. ಆದ್ದರಿಂದ ನೋವನ್ನು ಸೊನ್ನೆಯಿಂದ ಹತ್ತರವರೆಗೆ ಮನಸ್ಸಿನಲ್ಲೇ ತೂಗಬೇಕು. ಸೊನ್ನೆಯೆಂದರೆ ನೋವೇ ಇಲ್ಲ. ಹತ್ತೆಂದರೆ ತಾಳಲಾರದ ನೋವು. ಮಾಡುವಾಗ ಮೂರರವರೆಗಿನ ನೋವಿಗೆ ಅಂಜಬೇಕಿಲ್ಲ. ನಾಲ್ಕು-ಐದಕ್ಕೆ ಬಂದರೆ ಎಣಿಕೆಯನ್ನೋ ಬಾಗುವ ಆಳವನ್ನೋ ಇಳಿಸಬೇಕು. ಅದಕ್ಕೂ ಮೀರಿದರೆ, ಅಥವಾ ಚುಚ್ಚಿದಂತೆ ಥಟ್ಟನೆ ನೋವು ಎದ್ದರೆ, ಅಂದಿಗೆ ಆ ಸಾಧನೆಯನ್ನು ನಿಲ್ಲಿಸಬೇಕು.

ನಿಜವಾದ ತೀರ್ಪು ದೊರೆಯುವುದು ಮರುದಿನ ಮುಂಜಾನೆ. ಎದ್ದಾಗ ಕೀಲು ಎಂದಿನಂತಿದ್ದರೆ ನಿನ್ನೆಯ ಅಳತೆ ಸರಿಯಾಗಿತ್ತೆಂದು ತಿಳಿಯಿರಿ. ಊತವೋ ಹೆಚ್ಚಿನ ನೋವೋ ಕಂಡರೆ ಅಳತೆ ಮೀರಿದೆಯೆಂದರ್ಥ. ಮುಂದಿನ ಸಲ ಅರ್ಧಕ್ಕಿಳಿಸಿ. ತೊಡೆ-ತೋಳುಗಳ ಮಾಂಸಖಂಡದಲ್ಲಿ ಒಂದೆರಡು ದಿನ ಮೈಕೈ ನೋವಿನಂತೆ ಅನ್ನಿಸುವುದು ಸಹಜ. ಅದು ಹೊಸ ಶ್ರಮದ ಗುರುತು. ಕೀಲಿನ ಒಳಗಿನ ನೋವನ್ನೂ ಸ್ನಾಯುವಿನ ಈ ದಣಿವನ್ನೂ ಬೇರ್ಪಡಿಸಿ ಗುರುತಿಸಲು ಕಲಿತವರು ಅರ್ಧ ವಿದ್ಯೆ ಕಲಿತಂತೆ.

ಮನೆಯಲ್ಲಿರುವ ಸಲಕರಣೆಗಳು

ಪೇಟೆಯ ಜಿಮ್ಮಿನ ಯಂತ್ರಗಳು ನಮಗೆ ಬೇಕಿಲ್ಲ. ಗೋಡೆಗೆ ಒತ್ತಿ ನಿಲ್ಲಿಸಿದ, ಅಲುಗದ ಒಂದು ಕುರ್ಚಿ ಅಥವಾ ಗಟ್ಟಿ ಮಂಚ. ಮನೆಯಲ್ಲಿ ಹೊಲಿದ ನಾಲ್ಕು ಕೌದಿ. ಒಂದೊಂದು ಲೀಟರಿನ ಎರಡು ನೀರಿನ ಬಾಟಲಿ. ಹಳೆಯ ಬಟ್ಟೆಯಲ್ಲಿ ಹೊಲಿದ ಉಸುಕಿನ ಎರಡು ಸಣ್ಣ ಚೀಲ. ಸೈಕಲ್ಲಿನ ಹಳೆಯ ಟ್ಯೂಬು. ಹಿಡಿಕೆಯುಳ್ಳ ಎರಡು ಕೈಚೀಲ. ಇಷ್ಟಿದ್ದರೆ ಸಾಕು. ಲೀಟರಿನ ಬಾಟಲಿಗೆ ನೀರು ತುಂಬಿದರೆ ಒಂದು ಕಿಲೋ ತೂಕ. ಉಸುಕಿನ ಚೀಲಗಳನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ, ಅರ್ಧ ಕಿಲೋಕ್ಕೆ ಒಂದರಂತೆ ಗಂಟು ಹಾಕಿಕೊಳ್ಳಿ. ಟ್ಯೂಬಿನ ವಾಲ್ವಿನ ಭಾಗವನ್ನು ಕತ್ತರಿಸಿ ತೆಗೆದು, ಎಲ್ಲಿಯೂ ಬಿರುಕಿಲ್ಲವೆಂದು ಪ್ರತಿ ಸಲ ನೋಡಿಯೇ ಬಳಸಬೇಕು.

ಆರು ಸಾಧನೆಗಳು

ಮೊದಲು ಐದು ನಿಮಿಷ ಮನೆಯಲ್ಲೇ ಮೆಲ್ಲಗೆ ನಡೆದಾಡಿ ಮೈ ಬಿಸಿ ಮಾಡಿಕೊಳ್ಳಿ. ಉಸಿರನ್ನು ಎಂದಿಗೂ ಬಿಗಿಹಿಡಿಯಬೇಡಿ. ಶ್ರಮ ಬೀಳುವಾಗ ಬಿಡಬೇಕು, ಮರಳುವಾಗ ಎಳೆದುಕೊಳ್ಳಬೇಕು. ಬಿಗಿಹಿಡಿದರೆ ರಕ್ತದೊತ್ತಡ ಏರುತ್ತದೆ.

1. ಕೌದಿಯ ಬೈಠಕ. ಗರಡಿಯ ಬೈಠಕದಲ್ಲಿ ಮೊಣಕಾಲು ಪೂರ್ತಿ ಮಡಚುತ್ತದೆ. ನೋವಿದ್ದವರಿಗೆ ಅದು ಸಲ್ಲದು. ಬದಲಿಗೆ ಕುರ್ಚಿಯ ಮೇಲೆ ಮೂರು ನಾಲ್ಕು ಕೌದಿಗಳನ್ನು ಬಿಗಿಯಾಗಿ ಮಡಚಿ ಹಾಸಿ ಎತ್ತರ ಮಾಡಿ. ಅಂಚಿಗೆ ಸರಿದು ಕುಳಿತು, ಪಾದಗಳನ್ನು ತುಸು ಹಿಂದಕ್ಕೆ ತಂದು, ಎದೆಯನ್ನು ಮುಂದಕ್ಕೆ ಬಾಗಿಸಿ ಎದ್ದು ನಿಲ್ಲಿ. ಮೂರು ಎಣಿಸುತ್ತ ಮೆಲ್ಲಗೆ ಕುಳಿತುಕೊಳ್ಳಿ. ಮೊಣಕಾಲು ಒಳಕ್ಕೆ ವಾಲದೆ ಪಾದದ ನೇರಕ್ಕೇ ಇರಲಿ. ಆರಂಭದಲ್ಲಿ ಕೈಯ ಆಸರೆ ಪಡೆದರೂ ಅಡ್ಡಿಯಿಲ್ಲ. ಆಸರೆಯಿಲ್ಲದೆ ಹತ್ತು ಸಲ ನಿರಾಯಾಸವಾಗಿ ಏಳಲು ಬಂದಾಗ ಒಂದು ಕೌದಿಯನ್ನು ತೆಗೆಯಿರಿ. ಗರಡಿಯಲ್ಲಿ ಭಾರ ಏರಿಸಿದಂತೆ ಇಲ್ಲಿ ಕೌದಿ ಇಳಿಸುವುದು. ಆರು ಸಾಧನೆಗಳಲ್ಲಿ ಒಂದನ್ನೇ ಆರಿಸಿಕೊಳ್ಳುವವರು ಇದನ್ನೇ ಆರಿಸಿಕೊಳ್ಳಲಿ.

2. ಕಾಲು ನೀಡುವುದು. ಕುರ್ಚಿಯಲ್ಲಿ ಕುಳಿತು ಒಂದು ಕಾಲನ್ನು ನೇರವಾಗಿ ನೀಡಿ, ತೊಡೆಯನ್ನು ಬಿಗಿಹಿಡಿದು ಐದು ಎಣಿಸಿ, ಮೆಲ್ಲಗೆ ಇಳಿಸಿ. ಮೊಣಕಾಲು ಮಡಚಿದರೇ ನೋವೆನ್ನುವವರು ಹಾಸಿಗೆಯ ಮೇಲೆ ಕಾಲು ನೀಡಿ, ಮೊಣಕಾಲ ಕೆಳಗೆ ಸುತ್ತಿದ ಟವೆಲ್ಲನ್ನಿಟ್ಟು ಅದನ್ನು ಕೆಳಕ್ಕೆ ಒತ್ತಿ ಹಿಡಿಯಲಿ. ಕೀಲು ಅಲುಗದೆಯೇ ತೊಡೆ ಬಲಗೊಳ್ಳುವ ಉಪಾಯವಿದು. ಸುಲಭವಾದ ಮೇಲೆ ಕಣಕಾಲಿಗೆ ಅರ್ಧ ಕಿಲೋದ ಉಸುಕಿನ ಚೀಲ ಕಟ್ಟಬಹುದು.

3. ಸೊಂಟ ಎತ್ತುವುದು. ಅಂಗಾತ ಮಲಗಿ, ಮೊಣಕಾಲು ಮಡಚಿ, ಪಾದಗಳನ್ನು ಊರಿ, ಸೊಂಟವನ್ನು ಮೇಲೆತ್ತಿ ಮೂರು ಎಣಿಸಿ ಇಳಿಸಿ. ನೆಲಕ್ಕಿಳಿಯಲು ಆಗದವರು ಗಟ್ಟಿ ಮಂಚದ ಮೇಲೆಯೇ ಮಾಡಲಿ. ನಡುನೋವಿದ್ದವರು ಅರ್ಧವಷ್ಟೇ ಎತ್ತಲಿ.

4. ಗೋಡೆಯ ದಂಡ. ಗೋಡೆಯಿಂದ ಒಂದು ಮಾರಿಗಿಂತ ಕಡಿಮೆ ದೂರದಲ್ಲಿ ನಿಂತು, ಅಂಗೈಗಳನ್ನು ಭುಜಕ್ಕಿಂತ ತುಸು ಕೆಳಗೆ ಊರಿ, ಮೊಳಕೈ ಮಡಚುತ್ತ ಎದೆಯನ್ನು ಗೋಡೆಯತ್ತ ಒಯ್ದು ಮರಳಿ ದೂಡಿ. ಗೋಡೆ ಸುಲಭವಾದ ಮೇಲೆ ಅಡುಗೆಮನೆಯ ಕಟ್ಟೆ, ಅದೂ ಸುಲಭವಾದ ಮೇಲೆ ಗೋಡೆಗೊತ್ತಿದ ಮಂಚದ ಅಂಚು. ಆಸರೆ ತಗ್ಗಿದಷ್ಟೂ ಭಾರ ಹೆಚ್ಚು. ಮಣಿಕಟ್ಟು ನೋಯುವವರು ಅಂಗೈಗೆ ಬದಲು ಮುಂಗೈಗಳನ್ನೇ ಗೋಡೆಗೆ ಆನಿಸಬಹುದು. ಭುಜ ನೋಯುವವರು ಕೈಗಳನ್ನು ಇನ್ನೂ ಕೆಳಗಿರಿಸಿ, ಅರ್ಧದಷ್ಟೇ ಬಾಗಲಿ.

5. ಟ್ಯೂಬು ಎಳೆಯುವುದು. ಪಡಸಾಲೆಯ ಕಂಬಕ್ಕೆ ಅಥವಾ ಕಿಟಕಿಯ ಗಟ್ಟಿ ಸರಳಿಗೆ ಟ್ಯೂಬನ್ನು ಸುತ್ತಿ, ಎರಡೂ ತುದಿ ಹಿಡಿದು, ಮೊಳಕೈಗಳನ್ನು ಪಕ್ಕೆಗೆ ಸವರಿಕೊಂಡು ಹಿಂದಕ್ಕೆಳೆಯಿರಿ. ಬೆನ್ನಿನ ಎರಡು ಹಲಗೆಗಳೂ ಒಂದನ್ನೊಂದು ಸಮೀಪಿಸಲಿ. ಮಗ್ಗದ ಕೆಲಸದವರಿಗೂ ಹೊಲಿಗೆಯ ಕೆಲಸದವರಿಗೂ ಇದು ವಿಶೇಷ ಹಿತಕರ. ಬೆರಳ ಸಂದುಗಳು ನೋಯುವವರು ತುದಿಗೆ ಬಟ್ಟೆ ಸುತ್ತಿ ಹಿಡಿಕೆಯನ್ನು ದಪ್ಪ ಮಾಡಿಕೊಳ್ಳಲಿ. ದಪ್ಪ ಹಿಡಿಕೆಗೆ ಬೆರಳುಗಳು ಬಿಗಿಯಬೇಕಾದದ್ದು ಕಡಿಮೆ.

6. ಹಿಮ್ಮಡಿ ಎತ್ತುವುದು ಮತ್ತು ಹೊರುವುದು. ಕುರ್ಚಿಯ ಬೆನ್ನು ಹಿಡಿದು ನಿಂತು ಎರಡೂ ಹಿಮ್ಮಡಿಗಳನ್ನೆತ್ತಿ ಇಳಿಸಿ. ತರುವಾಯ ಎರಡು ಕೈಚೀಲಗಳಲ್ಲಿ ಸಮನಾಗಿ ಒಂದೊಂದು ಬಾಟಲಿಯಿಟ್ಟು, ನೇರವಾಗಿ ನಿಂತು, ಪಡಸಾಲೆಯ ಈ ತುದಿಯಿಂದ ಆ ತುದಿಗೆ ನಾಲ್ಕು ಸಲ ನಡೆಯಿರಿ. ಒಂದೇ ಕೈಯಲ್ಲಿ ಕೊಡ ಹೊತ್ತು ಸೊಂಟ ವಾಲಿಸಿದವರಿಗೆ ಈ ಸಮತೂಕದ ನಡಿಗೆ ಒಳ್ಳೆಯ ತಿದ್ದುಪಡಿ.

ವಾರದ ಕ್ರಮ

ವಯಸ್ಕರೆಲ್ಲರೂ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮ ಮಾಡಬೇಕೆಂದೂ, ಅರವತ್ತೈದು ದಾಟಿದವರು ಮೂರು ದಿನ ಸಮತೋಲದ ಅಭ್ಯಾಸವನ್ನೂ ಸೇರಿಸಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿದೆ. ನಾವು ಸೋಮವಾರ, ಬುಧವಾರ, ಶುಕ್ರವಾರ ಎಂದಿಟ್ಟುಕೊಳ್ಳೋಣ. ನಡುವಿನ ದಿನಗಳಲ್ಲಿ ಸ್ನಾಯು ವಿಶ್ರಾಂತಿ ಪಡೆದು ಬೆಳೆಯುತ್ತದೆ; ಆ ದಿನಗಳಲ್ಲಿ ನಡಿಗೆಯಷ್ಟೇ ಸಾಕು.

ಮೊದಲ ಎರಡು ವಾರ ಪ್ರತಿ ಸಾಧನೆಯನ್ನು ಆರರಿಂದ ಎಂಟು ಸಲ, ಒಂದೇ ಸುತ್ತು. ಮೂರು, ನಾಲ್ಕನೆಯ ವಾರ ಅಷ್ಟೇ ಎಣಿಕೆ, ಎರಡು ಸುತ್ತು. ಐದನೆಯ ವಾರದಿಂದ ಹತ್ತು-ಹನ್ನೆರಡು ಸಲ. ಕೊನೆಯ ಎರಡು ಎಣಿಕೆಗಳು 'ತುಸು ಕಷ್ಟವಾಯಿತು' ಅನ್ನಿಸಬೇಕು. ಹಾಗನ್ನಿಸದಿದ್ದರೆ ಮಾತ್ರ ಕೌದಿ ಇಳಿಸುವುದು, ಚೀಲ ಕಟ್ಟುವುದು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಎಣಿಕೆಯನ್ನೂ ಭಾರವನ್ನೂ ಒಟ್ಟಿಗೇ ಏರಿಸಿದರೆ ನೋವು ಯಾವುದರಿಂದ ಬಂತೆಂಬುದು ತಿಳಿಯದು. ಸುಗ್ಗಿಯ, ಕಳೆ ತೆಗೆಯುವ ದಿನಗಳಲ್ಲಿ ಸುತ್ತನ್ನು ಒಂದಕ್ಕಿಳಿಸಿ, ಆದರೆ ಪೂರ್ತಿ ಬಿಡಬೇಡಿ. ಮೊದಲ ಕೆಲವು ವಾರ ಫಲ ಕಾಣದೆಂದು ಬೇಸರಿಸಬೇಡಿ. ಸ್ನಾಯು ಕಣ್ಣಿಗೆ ಕಾಣುವಂತೆ ಬಲಗೊಳ್ಳಲು ಎಂಟರಿಂದ ಹನ್ನೆರಡು ವಾರ ಬೇಕು.

ಪ್ರಗತಿಯನ್ನು ಅಳೆಯಲು ಸುಲಭದ ಪರೀಕ್ಷೆಯೊಂದಿದೆ. ಕೌದಿಯಿಲ್ಲದ ಸಾಮಾನ್ಯ ಕುರ್ಚಿಯಲ್ಲಿ ಕುಳಿತು, ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿಕೊಂಡು, ಮೂವತ್ತು ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕುಳಿತುಕೊಳ್ಳುವಿರೆಂದು ಮೊಮ್ಮಕ್ಕಳಿಂದ ಎಣಿಸಿರಿ. ಅಮೆರಿಕದ ವೈದ್ಯರ ಕೋಷ್ಟಕದಂತೆ 60ರಿಂದ 64ರ ವಯಸ್ಸಿನ ಮಹಿಳೆಯರು 12ಕ್ಕಿಂತ, ಪುರುಷರು 14ಕ್ಕಿಂತ ಕಡಿಮೆ ಸಲ ಎದ್ದರೆ. 70ರಿಂದ 74ರ ಮಹಿಳೆಯರು 10ಕ್ಕಿಂತ, ಪುರುಷರು 12ಕ್ಕಿಂತ ಕಡಿಮೆ ಸಲ ಎದ್ದರೆ ಬೀಳುವ ಅಪಾಯ ಹೆಚ್ಚು. ಕೈಯೂರದೆ ಏಳಲಾಗದಿದ್ದವರ ಎಣಿಕೆ ಸೊನ್ನೆ, ಅದರಲ್ಲಿ ನಾಚಿಕೆಯೇನಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಆ ಸಂಖ್ಯೆಯನ್ನು ಬರೆದಿಟ್ಟು, ತಿಂಗಳಿಗೊಮ್ಮೆ ಮತ್ತೆ ನೋಡಿರಿ.

ಪೂಜೆಗೆ ಕುಳಿತುಕೊಳ್ಳುವುದು, ಗುಡ್ಡ ಹತ್ತುವುದು

ಇಷ್ಟಲಿಂಗ ಪೂಜೆಗೆ ಪದ್ಮಾಸನದಲ್ಲಿ ಕುಳಿತುಕೊಳ್ಳಲಾಗುತ್ತಿಲ್ಲವೆಂದು ಕೊರಗುವ ಹಿರಿಯರು ಅನೇಕರು. ನೋವು ಹೆಚ್ಚಿರುವ ದಿನಗಳಲ್ಲಿ ಎತ್ತರದ ಮಣೆಯ ಮೇಲೋ ಕುರ್ಚಿಯ ಮೇಲೋ ಕುಳಿತು, ಬೆನ್ನು ನೇರವಾಗಿರಿಸಿ ಪೂಜೆ ಪೂರೈಸಿರಿ. ಅಂಗೈಯಲ್ಲಿನ ಲಿಂಗದ ಮೇಲೆ ದೃಷ್ಟಿ ನಿಲ್ಲುವುದು ಮುಖ್ಯ. ಕಾಲು ನಡುಗುತ್ತಿರುವಾಗ ಅದು ನಿಲ್ಲದು. ನೆಲದ ಮೇಲೆ ಕುಳಿತುಕೊಳ್ಳುವ ಆಸೆಯಿದ್ದವರು ಸೊಂಟದ ಕೆಳಗೆ ಮಡಚಿದ ಕೌದಿ ಹಾಕಿ, ಎರಡು ಮೂರು ನಿಮಿಷದಿಂದ ಆರಂಭಿಸಿ ವಾರವಾರಕ್ಕೆ ವೇಳೆ ಹೆಚ್ಚಿಸಿಕೊಳ್ಳಬಹುದು. ಏಳುವಾಗ ಪಕ್ಕದಲ್ಲಿ ಸ್ಟೂಲೊಂದಿರಲಿ. ಒಂದು ಮೊಣಕಾಲೂರಿ, ಅದರ ಮೇಲೆ ಕೈಯಿಟ್ಟು ಏಳಿರಿ.

ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕಾಗಲಿ, ರಾಮದುರ್ಗ ತಾಲ್ಲೂಕಿನ ಗೊಡಚಿಯ ವೀರಭದ್ರೇಶ್ವರನ ಜಾತ್ರೆಗಾಗಲಿ ಕಾಲ್ನಡಿಗೆಯಲ್ಲಿ ಹೋಗುವ ಹರಕೆಯುಳ್ಳವರು ಮೂರು ತಿಂಗಳು ಮುಂಚೆಯೇ ಈ ಸಾಧನೆಗೆ ತೊಡಗಲಿ. ಮೊಣಕಾಲಿಗೆ ಏರುವುದಕ್ಕಿಂತ ಇಳಿಯುವುದೇ ಹೆಚ್ಚು ಕಠಿಣ. ಮೆಟ್ಟಿಲೇರುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು ಎಂಬ ಸೂತ್ರವನ್ನು ನೆನಪಿಡಿ. ಕೋಲನ್ನು ನೋಯುವ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು. ನೋಯುವ ಬದಿಯಲ್ಲೇ ಹಿಡಿಯುವುದು ಸಾಮಾನ್ಯವಾಗಿ ಕಾಣುವ ತಪ್ಪು. ಅದರಿಂದ ಕೀಲಿನ ಹೊರೆ ಇಳಿಯುವುದಿಲ್ಲ.

ಊಟ ಮತ್ತು ತೂಕ

ಸಾಮಿನಿಂದ ಬೆಳೆಯುವ ಸ್ನಾಯುವಿಗೆ ಆಹಾರವೂ ಬೇಕು. ಜೋಳದ ರೊಟ್ಟಿಯೊಡನೆ ಮೊಳಕೆ ಬಂದ ಹೆಸರು, ಮಡಕಿಕಾಳಿನ ಪಲ್ಯ, ಶೇಂಗಾ ಚಟ್ನಿ, ಒಂದು ಬಟ್ಟಲು ಮೊಸರು: ನಮ್ಮ ಸೀಮೆಯ ಈ ಸಾತ್ವಿಕ ಊಟದಲ್ಲಿ ಸಸಾರಜನಕದ ಕೊರತೆಯಾಗದು. ಆದರೆ ಮನೆಮಂದಿಗೆಲ್ಲ ಬಡಿಸಿ, ಕೊನೆಗೆ ಉಳಿದ ರೊಟ್ಟಿಗೆ ಖಾರ ಹಚ್ಚಿಕೊಂಡು ಉಣ್ಣುವ ತಾಯಿಗೆ ಆ ಪಲ್ಯವೂ ಮೊಸರೂ ಉಳಿದಿರುವುದಿಲ್ಲ. ಅವಳ ಪಾಲನ್ನು ಮೊದಲೇ ತೆಗೆದಿಡುವುದು ಮನೆಯವರ ಹೊಣೆ. ತೂಕ ಹೆಚ್ಚಿರುವವರಿಗೆ ಇನ್ನೊಂದು ಮಾತು. ಮೈತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆಂದು 2005ರ ಅಧ್ಯಯನವೊಂದು ತೋರಿಸಿದೆ. ದಿನಕ್ಕೆ ಸಾವಿರಾರು ಹೆಜ್ಜೆಯಿಡುವ ಕಾಲಿಗೆ ಇದು ಸಣ್ಣ ಉಪಕಾರವಲ್ಲ.

ಮನೆಮಂದಿಗೊಂದು ಬಿನ್ನಹ

ಮೊಣಕಾಲು ಪೂರ್ತಿ ಸವೆದವರಿಗೆ ಶಸ್ತ್ರಚಿಕಿತ್ಸೆ ಅನಿವಾರ್ಯವಾಗಬಹುದು. ಆಗಲೂ ಮೊದಲೇ ತೊಡೆಯ ಬಲ ಗಳಿಸಿಕೊಂಡವರು ಚೇತರಿಕೆಯ ಹಾದಿಯನ್ನು ಹೆಚ್ಚು ಸಿದ್ಧರಾಗಿ ಹಿಡಿಯುತ್ತಾರೆ. ಆದ್ದರಿಂದ ಈ ಶ್ರಮ ಯಾವ ದಾರಿಯಲ್ಲಿಯೂ ವ್ಯರ್ಥವಲ್ಲ.

ಕೊನೆಯದಾಗಿ ಮಕ್ಕಳಿಗೂ ಸೊಸೆಯಂದಿರಿಗೂ ಒಂದು ಬಿನ್ನಹ. ರಾಣಿ ಚೆನ್ನಮ್ಮ ಕುದುರೆಯೇರಿ ಖಡ್ಗ ಹಿಡಿದಳೆಂದು ಹೆಮ್ಮೆಪಡುವ ನಾಡು ನಮ್ಮದು. ಕಿತ್ತೂರಿನಲ್ಲಿ ಆಕೆಯ ಹೆಸರಿನ ಹೆಣ್ಣುಮಕ್ಕಳ ಸೈನಿಕ ಶಾಲೆ 1969ರಲ್ಲೇ ಆರಂಭವಾಯಿತು. ಅಂಥ ನಾಡಿನಲ್ಲಿ ಮನೆಯ ಹಿರಿಯಳು ವ್ಯಾಯಾಮ ಮಾಡಿದರೆ ಮುಸಿಮುಸಿ ನಗುವುದು ತರವಲ್ಲ. 'ಸುಮ್ಮನ ಕುಂದರು' ಎನ್ನುವ ಬದಲು, 'ಅವ್ವಾ, ಇವತ್ತು ಎಷ್ಟು ಸಲ ಎದ್ದಿ?' ಎಂದು ಕೇಳಿರಿ. ಕುರ್ಚಿಯನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಕೌದಿ ಮಡಚಿ ಹಾಸಿಕೊಟ್ಟು, ಪಕ್ಕದಲ್ಲಿ ನಿಂತು ಎಣಿಸಿರಿ. ಆರಂಭಕ್ಕೆ ಬರುವ ಸೋಮವಾರವೇ ಸಾಕು. ಮೊದಲ ದಿನಕ್ಕೆ ಆರೇ ಸಲ.